ಮೂರು ದಾರಿ ಕೂಡುವಲ್ಲಿ ನಿಂತ ಕುದುರೆ

ನಾನು ದೇವರನ್ನು ನಂಬುವ ಹೆಂಗಸು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮಲ್ಲಯ್ಯನ ಫೋಟೋಕ್ಕೆ ಎರಡು ಹೂವು ಏರಿಸದೆ ಒಲೆ ಹಚ್ಚಿದವಳಲ್ಲ. ನಲ್ಲಿಯಲ್ಲಿ ನೀರು ಬಂದರೆ, ಹಾಲು ಒಡೆಯದಿದ್ದರೆ, ಪಾಳಿ ಮುಗಿಸಿ ಬಂದ ಮನೆಯವರ ಸೈಕಲ್ ಗಂಟೆ ಕೇಳಿದರೆ ಒಂದೊಂದಕ್ಕೂ ಒಂದೊಂದು ಸಲ ಕೈ ಮುಗಿಯುವ ಅಭ್ಯಾಸ ನನ್ನದು. ಆದರೆ ಬೆಕ್ಕು ಅಡ್ಡ ಬಂತು, ಹಲ್ಲಿ ನುಡಿಯಿತು ಎಂದು ಹೊರಟ ಕೆಲಸ ನಿಲ್ಲಿಸಿದವಳೂ ಅಲ್ಲ. ದೇವರೇ ಇದ್ದಾನೆಂದ ಮೇಲೆ ಹಲ್ಲಿಯ ಮಾತನ್ನು ಯಾಕೆ ಕೇಳಬೇಕು ಎಂದು ನಮ್ಮ ಅವ್ವನ ಜೊತೆ ವಾದಕ್ಕೆ ಇಳಿಯುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ನಕ್ಕು ಒಳಗೆ ಹೋಗಿಬಿಡುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ನಮ್ಮ ಊರು ಗುಲ್ಬರ್ಗಾ ಕಡೆಯದು. ಮನೆಯವರಿಗೆ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಧನಕವಡಿಗೆ ಬಂದೆವು. ಮೇಲಂತಸ್ತಿನ ಎರಡು ಕೋಣೆ, ಮುಂದೆ ಉದ್ದಕ್ಕೂ ಗ್ಯಾಲರಿ, ಕೆಳಗೆ ಹಾಲಿನ ಡೇರಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಯೇ ಇದ್ದಳು. ನನ್ನ ಒಬ್ಬನೇ ತಮ್ಮ ಶಿವು ದೌಂಡದಲ್ಲಿ ರೈಲ್ವೆಯ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ಇನ್ನೂ ಮದುವೆಯಾಗಿರಲಿಲ್ಲ. ತಿಂಗಳಿಗೆ ಒಂದೆರಡು ಸಲ, ರಜೆ ಸಿಕ್ಕಾಗ, ರೈಲು ಹತ್ತಿ ಪುಣೆಗೆ ಬಂದು, ಅಲ್ಲಿಂದ ಸಿಟಿ ಬಸ್ಸಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ. ನನ್ನ ಮಗಳು ಜ್ಯೋತಿ ಎಂದರೆ ಅವನಿಗೆ ಪ್ರಾಣ.

ಇಸವಿ ಸರಿಯಾಗಿ ನೆನಪಿಲ್ಲ. ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮ ಕೈಗೆ ಇನ್ನೂ ಮೊಬೈಲು ಬಂದಿರಲಿಲ್ಲ. ಆಗ ನಮ್ಮ ಕಡೆ ಒಂದು ಕಾಲೇಜಿನವರು ಸಣ್ಣ ರೇಡಿಯೋ ಕೇಂದ್ರ ತೆರೆದರು. ಅದು ದೊಡ್ಡ ಆಕಾಶವಾಣಿಯ ಹಾಗಲ್ಲ, ಸುತ್ತಲಿನ ಜನರಿಗಾಗಿ ಮಾತ್ರ. ಕಾತ್ರಜ್ ಘಾಟ್ ಹತ್ತಿದರೆ ದನಿ ಹೋಗುತ್ತಿತ್ತು, ಇತ್ತ ಸ್ವಾರಗೇಟ್ ಬರುವಷ್ಟರಲ್ಲಿ ಬರೀ ಗೊರಗೊರ. ಸಂಜೆ ಆರಕ್ಕೆ ಅವರ ಯಂತ್ರ ಬಂದ್. ಶಾಲೆ ಬಿಟ್ಟು ಬಂದ ಮಕ್ಕಳು ಕೇಳಲೆಂದು ಸಂಜೆಯ ಮುಂಚೆ ಒಂದು ಕಾರ್ಯಕ್ರಮ ಇಟ್ಟಿದ್ದರು. ನಮ್ಮ ಓಣಿಗಳಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕನ್ನಡದವರು ಬಹಳ. ಅವರ ಮಕ್ಕಳಿಗೂ ಮನೆಮಾತಿನಲ್ಲಿ ಏನಾದರೂ ಕೇಳಿಸಬೇಕೆಂದು ಅಲ್ಲಿನ ವೈಶಾಲಿ ಮೇಡಂ, ಮರಾಠಿಯವರಾದರೂ, ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಕನ್ನಡ ಕಥೆಗೆ ಬಿಟ್ಟುಕೊಟ್ಟರು. ಕಥೆ ಹೇಳುವವರು ಬೇಕೆಂದು ಶಾಲೆಯಲ್ಲಿ ಕೇಳಿದಾಗ ಒಂಬತ್ತನೆಯ ತರಗತಿಯಲ್ಲಿದ್ದ ಜ್ಯೋತಿ ಕೈ ಎತ್ತಿ ಬಂದಳು.

ಕಥೆಗಳಿಗೇನು ಬರವಿರಲಿಲ್ಲ. ಅವ್ವನ ಹೊಟ್ಟೆಯಲ್ಲಿ ಬೇಕಾದಷ್ಟಿದ್ದವು. ಆದರೆ ಅವ್ವನ ಕಥೆ ಹೊರಬರಬೇಕಾದರೆ ದೀಪ ಹಚ್ಚಿರಬೇಕು. ಹಗಲಲ್ಲಿ ಎಷ್ಟು ಕಾಡಿದರೂ ಬಾಯಿ ಬಿಡುತ್ತಿರಲಿಲ್ಲ. ರೇಡಿಯೋದ ಸುದ್ದಿ ಕೇಳಿದ್ದೇ ಅವಳು ಸಿಟ್ಟಾದಳು.

"ಹಗಲ ಹೊತ್ತಿನ್ಯಾಗ ಕತಿ ಹೇಳ್ತಾರೇನು? ಸೋದರಮಾವ ದಾರಿ ತಪ್ತಾನ."

"ಅಜ್ಜಿ, ಇದು ರೇಡಿಯೋ. ಎಲ್ಲಾ ಹಗಲಿಗೇ ನಡೀತದ," ಎಂದಳು ಜ್ಯೋತಿ.

"ಯಾಕ, ರೇಡಿಯೋದವರಿಗೆ ಸೋದರಮಾವ ಇರಂಗಿಲ್ಲೇನು?"

ಆ ಭಾನುವಾರ ಶಿವು ಬಂದಿದ್ದ. ಅವನಿಗೆ ನಗು ತಡೆಯಲಿಲ್ಲ. "ಅವ್ವಾ, ನಾ ದಿನಾ ಹಳಿ ಹಿಡದು ನಡ್ಯಾಂವ. ಹಳಿ ಇದ್ದಲ್ಲಿ ದಾರಿ ಹ್ಯಾಂಗ ತಪ್ತದ? ಹೇಳು ಜ್ಯೋತಿ, ಹೇಳು. ನಾ ದಾರಿ ತಪ್ಪಿದ್ರ ನಿಮ್ಮ ಮೇಡಂ ಮನಿಗೇ ಹೋಗಿ ಊಟಕ್ಕ ಕೂಡ್ತೀನಿ." ನಾವೆಲ್ಲರೂ ನಕ್ಕೆವು. ಅವ್ವನೂ ಕಡೆಗೆ ನಕ್ಕು ಬಿಟ್ಟುಕೊಟ್ಟಳು. ಆದರೆ ಒಂದು ಮಾತು ಹೇಳಿದಳು. "ಹೇಳಿದ್ರ ಹೇಳು. ಅರ್ಧಕ್ಕ ಮಾತ್ರ ಬಿಡಬ್ಯಾಡ."

ರೇಡಿಯೋದವರ ಪದ್ಧತಿ ಬೇರೆಯಾಗಿತ್ತು. ಕಥೆಯನ್ನು ಎರಡು ತುಂಡು ಮಾಡಿ, ಒಂದನ್ನು ಈ ವಾರ, ಇನ್ನೊಂದನ್ನು ಮುಂದಿನ ವಾರ ಹೇಳಬೇಕು. ಹಾಗೆ ಮಾಡಿದರೆ ಮಕ್ಕಳು ಕಾದು ಕೂತು ಮತ್ತೆ ರೇಡಿಯೋ ಹಚ್ಚುತ್ತಾರೆ. ಉಳಿದ ಕಥೆಯನ್ನು ಯಾರಿಗೂ ಹೇಳಬಾರದೆಂದು ಮೇಡಂ ಜ್ಯೋತಿಗೆ ತಾಕೀತು ಮಾಡಿದ್ದರು. ಅವಳು ಮೊದಲ ಅರ್ಧವನ್ನು ಮುಂಚೆಯೇ ಹೋಗಿ ಹೇಳಿ ಧ್ವನಿ ಮುದ್ರಿಸಿ ಬಂದಿದ್ದಳು. ಅವ್ವನಿಗೆ ಇದನ್ನು ನಾವು ಹೇಳಿರಲಿಲ್ಲ.

ಅದೇ ಹೊತ್ತಿಗೆ ಶಿವುವಿನ ಮದುವೆಯ ಮಾತು ಎದ್ದಿತು. ದೇಹೂ ರೋಡಿನಲ್ಲಿ ನಮ್ಮ ಕಡೆಯವರೇ ಒಂದು ಮನೆಯಿತ್ತು. ಅವರ ಮಗಳು ಕಸ್ತೂರಿ. ಯಾರದೋ ಮದುವೆಯಲ್ಲಿ ಅವಳು ಪಂಕ್ತಿಯಲ್ಲಿ ಬಡಿಸುವುದನ್ನು ಶಿವು ನೋಡಿದ್ದ. ಬಾಯಿಬಿಟ್ಟು ಏನೂ ಕೇಳದ ನನ್ನ ತಮ್ಮ ಆ ಸಲ ಪಾತ್ರೆ ತೊಳೆಯುತ್ತಿದ್ದ ನನ್ನ ಪಕ್ಕ ಬಂದು ನಿಂತು, "ಅಕ್ಕಾ, ಆ ಹುಡುಗಿ ಮನಿಯವರು ಯಾರು, ಕೇಳಿ ನೋಡ್ತಿಯೇನು?" ಎಂದಿದ್ದ. ಕೇಳಿದೆ. ಹುಡುಗಿಯ ತಂದೆ ತಾಯಿಗೆ ಒಪ್ಪಿಗೆಯಿತ್ತು. ಆದರೆ ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಕಸ್ತೂರಿಯ ಮಾವ ಊರಲ್ಲಿದ್ದ. ಅವನು ತನ್ನ ಸಣ್ಣ ತಮ್ಮನಿಗೆ ಅವಳನ್ನು ತಂದುಕೊಳ್ಳಬೇಕೆಂದಿದ್ದನಂತೆ. ಆದರೂ ಅಕ್ಕನ ಮಾತಿಗೆ ಕಟ್ಟುಬಿದ್ದು, ಒಂದು ಸಲ ಹುಡುಗನನ್ನು ನೋಡುತ್ತೇನೆ, ಮನಸ್ಸಿಗೆ ಬಂದರೆ ಹಕ್ಕು ಬಿಡುತ್ತೇನೆ ಎಂದು ದೇಹೂ ರೋಡಿಗೆ ಬಂದಿದ್ದ. ಗೊತ್ತುಮಾಡಿದ ದಿನ ಸಂಜೆ ನಮ್ಮ ಮನೆಗೆ ಬಂದು, ರಾತ್ರಿಯ ಗಾಡಿಗೆ ಅವನು ತಿರುಗಿ ಊರಿಗೆ ಹೋಗುವವನು. ಶಿವುವಿನ ಬಾಳೆಲ್ಲ ಆ ಒಂದು ಸಂಜೆಯ ಮೇಲೆ ನಿಂತಿತ್ತು.

ಅದು ಜ್ಯೋತಿಯ ಕಥೆ ರೇಡಿಯೋದಲ್ಲಿ ಬರುವ ದಿನವೂ ಆಗಿತ್ತು. ಒಳ್ಳೆಯದೇ ಆಯಿತು, ಬೀಗರಿಗೂ ಕೇಳಿಸಿದಂತಾಯಿತು ಎಂದುಕೊಂಡೆ.

ಅವರು ಹೇಳಿದ ಹೊತ್ತಿಗೆ ಬಂದರು. ಕಸ್ತೂರಿ, ಅವಳ ತಂದೆ ತಾಯಿ, ಮಾವ. ಕಸ್ತೂರಿ ಅವ್ವನ ಕಾಲಿಗೆ ಬಿದ್ದು ಎದ್ದ ರೀತಿಯಲ್ಲೇ ನನಗೆ ಅವಳು ನಮ್ಮ ಮನೆಯವಳು ಅನ್ನಿಸಿಬಿಟ್ಟಿತು. ಅವಲಕ್ಕಿ ಚೂಡಾ ಕೊಟ್ಟು ರೇಡಿಯೋ ಹಚ್ಚಿದೆ. ಶಿವು ಇನ್ನೇನು ಬರುವವನಿದ್ದ.

ಕಥೆ ಕಂಬಳಿ ಮಾರುವವನದು. ಊರೂರು ಕುದುರೆಯ ಮೇಲೆ ಕಂಬಳಿ ಹೇರಿಕೊಂಡು ಹೋಗಿ, ಎಲ್ಲವನ್ನೂ ಮಾರಿ, ಅಕ್ಕನ ಊರಿನ ಕಡೆ ಹೊರಳುತ್ತಾನೆ. ಮೂರು ದಾರಿ ಕೂಡುವಲ್ಲಿಗೆ ಬಂದಾಗ ಕುದುರೆ ನಿಂತುಬಿಡುತ್ತದೆ. ಎಳೆದರೂ ಇಲ್ಲ, ಬೈದರೂ ಇಲ್ಲ. ಅವನು ಅದರ ಕಿವಿಯ ಹತ್ತಿರ ಹೋಗಿ ಕೇಳುತ್ತಾನೆ, ಯಾಕೆ ನಿಂತೆ ಎಂದು. ಅಷ್ಟಕ್ಕೆ ಬಾಜಾ ಬಾರಿಸಿ, ಮುಂದಿನದು ಮುಂದಿನ ವಾರ ಎಂದರು.

ಕಸ್ತೂರಿ ಕಣ್ಣು ಅಗಲ ಮಾಡಿ ಕೇಳುತ್ತಿದ್ದಳು. ನಾಚಿಕೆ ಮರೆತು ಜ್ಯೋತಿಯ ಕೈ ಹಿಡಿದು, "ಮುಂದ? ಕುದುರಿ ಯಾಕ ನಿಂತಿತ್ತು?" ಎಂದಳು.

"ಹೇಳಂಗಿಲ್ಲ. ಮುಂದಿನ ವಾರ ಕೇಳ್ರಿ," ಎಂದಳು ಜ್ಯೋತಿ, ದೊಡ್ಡ ಹೆಂಗಸಿನ ಹಾಗೆ. ಎಲ್ಲರೂ ನಕ್ಕರು.

"ನಮ್ಮ ದೇಹೂ ರೋಡಿಗೆ ನಿಮ್ಮ ರೇಡಿಯೋ ಬರಂಗಿಲ್ಲವ್ವಾ."

"ಹಂಗಾರ ಇಲ್ಲೇ ಬಂದು ಇರ್ರಿ."

ಆ ನಗುವಿನಲ್ಲಿ ಅವ್ವನ ಮುಖ ಯಾರೂ ನೋಡಲಿಲ್ಲ. ನಾನು ನೋಡಿದೆ. ಅವಳು ಚೂಡಾದ ತಟ್ಟೆ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು.

ಶಿವು ಬರಲಿಲ್ಲ. ಗಾಡಿ ತಡವಾಗಿರಬೇಕು ಎಂದೆ. ಎರಡನೆಯ ಸಲ ಚಹಾ ಮಾಡಿದೆ. ನಮ್ಮ ಮನೆಯವರು ಪಕ್ಕದ ಮನೆಯ ಫೋನಿನಿಂದ ಸ್ಟೇಷನ್ನಿಗೆ ವಿಚಾರಿಸಿದರು. ಗಾಡಿ ಹೊತ್ತಿಗೆ ಸರಿಯಾಗಿಯೇ ಬಂದಿತ್ತು. ಮಾವನಾದವನು ಕೈಗಡಿಯಾರ ನೋಡತೊಡಗಿದ. ಹೊರಗೆ ಬೆಳಕು ಕುಂದಿತು. ನಾನು ದೇವರಿಗೆ ದೀಪ ಹಚ್ಚಿ, ಹಾಗೇ ಗ್ಯಾಲರಿಗೆ ಬಂದು ನಿಂತೆ.

ನಿಂತವಳಿಗೆ ಓಣಿಯ ತುದಿಯಲ್ಲಿ ಶಿವು ಕಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಿಠಾಯಿ ಡಬ್ಬಿ. ನನ್ನ ಜೀವ ತಿರುಗಿ ಬಂತು. ಒಳಗೆ ತಿರುಗಿ, "ಬಂದ್ನ್ರಿ, ಬಂದ," ಎಂದೆ. ಅವನು ಮನೆಯ ಕೆಳಗೆ ಬಂದ. ಮೆಟ್ಟಿಲು ಹತ್ತಲಿಲ್ಲ, ಮುಂದೆ ನಡೆದ. "ಶಿವೂ, ಇಲ್ಲೇ," ಎಂದು ಕೂಗಿದೆ. ಅವನು ನಿಂತು ಮೇಲೆ ನೋಡಿದ. ಹೇಗೆ ಹೇಳಲಿ, ನನ್ನ ಮೇಲೆ ಅವನ ಕಣ್ಣು ಬಿತ್ತು, ಆದರೆ ಗೋಡೆಯ ಮೇಲೆ ಬಿದ್ದಂತೆ ಬಿತ್ತು. ಒಂದು ಕಿವಿಯನ್ನು ಸ್ವಲ್ಪ ಆಚೆ ಹೊರಳಿಸಿ, ಬೇರೆ ಯಾರದೋ ಮಾತು ಕೇಳುತ್ತಿರುವವನಂತೆ ನಿಂತ. ಆಮೇಲೆ ಆ ಕಡೆಯೇ ನಡೆದು ತಿರುವಿನಲ್ಲಿ ಹೊರಳಿದ.

ಚಪ್ಪಲಿ ಸಹ ಹಾಕದೆ ಕೆಳಗೆ ಓಡಿದೆ. ತಿರುವಿನಾಚೆ ಯಾರೂ ಇರಲಿಲ್ಲ. ಡೇರಿಯ ಕಾಕಾ ನನ್ನನ್ನು ನೋಡಿ ನಗುತ್ತಾ ಮರಾಠಿಯಲ್ಲಿ ಹೇಳಿದರು. ನಿಮ್ಮ ತಮ್ಮ ಇವತ್ತು ಭಾರೀ ಚೇಷ್ಟೆ ಮಾಡುತ್ತಿದ್ದಾನೆ, ನಿಮ್ಮ ಮನೆ ಎಲ್ಲಿದೆ ಎಂದು ಆಗಿನಿಂದ ಮತ್ತೆ ಮತ್ತೆ ಬಂದು ಕೇಳುತ್ತಾನೆ, ನಾನು ಮೇಲೆ ಕೈ ಮಾಡಿ ತೋರಿಸುತ್ತೇನೆ, ಸರಿ ಕಾಕಾ ಎಂದು ಮುಂದೆ ಹೋಗುತ್ತಾನೆ.

ಮೇಲೆ ಬಂದಾಗ ಕಸ್ತೂರಿಯ ಮಾವ ಎದ್ದು ನಿಂತಿದ್ದ. ಬಂದ ಎಂದು ಕೂಗಿದವಳು ಬರಿಗೈಯಲ್ಲಿ ತಿರುಗಿ ಬಂದಿದ್ದೆ. ಕೆಳಗೆ ಓಡಾಡುತ್ತಿದ್ದಾನೆ, ಮನೆ ಸಿಗುತ್ತಿಲ್ಲವಂತೆ ಎಂದು ಇದ್ದದ್ದನ್ನೇ ಹೇಳಿದೆ. ಹೇಳುತ್ತಿರುವಾಗಲೇ ಅದು ಎಂಥ ಮಾತೆಂದು ನನಗೆ ತಿಳಿಯಿತು.

"ಕುಡೀತಾನೇನ್ರಿ ನಿಮ್ಮ ತಮ್ಮ?"

"ಇಲ್ರಿ. ಮಲ್ಲಯ್ಯನ ಆಣಿ, ಬಾಯಾಗ ಹನಿ ಹಾಕಿದಾಂವಲ್ಲ."

"ಹಂಗಾರ ಮನಸ್ಸಿಲ್ಲ ಅನ್ರಿ. ಅಕ್ಕನ ಮನಿ ಬಾಗ್ಲ ಸಿಗದಾಂವನ ಕೈಯಾಗ ನಮ್ಮ ಹುಡುಗಿನ್ನ ಕೊಟ್ರ, ಆಕಿನ್ನ ಎಲ್ಲಿಗೆ ಕರಕೊಂಡು ಹೋಗ್ತಾನೋ ಏನೋ."

ಕಸ್ತೂರಿಯ ತಾಯಿ, "ಇನ್ನೊಂದೀಟು ನೋಡೂಣಪಾ," ಎಂದು ತಮ್ಮನಿಗೆ ಹೇಳಿದಳು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ನಮ್ಮ ಮನೆಯವರು ಅವರನ್ನು ರಿಕ್ಷಾ ಸ್ಟ್ಯಾಂಡಿನವರೆಗೆ ಬಿಟ್ಟು, ಹಾಗೇ ಶಿವುವನ್ನು ಹುಡುಕಲು ಹೋದರು. ಹೊಸ್ತಿಲು ದಾಟುವಾಗ ಕಸ್ತೂರಿ ಒಂದು ಸಲ ಹಿಂದೆ ನೋಡಿದಳು. ನನ್ನನ್ನಲ್ಲ, ರೇಡಿಯೋ ಇಟ್ಟ ಗೂಡನ್ನು.

ಅವರು ಹೋದದ್ದೇ ಅವ್ವ ಬಾಗಿಲು ಹಾಕಿ ಜ್ಯೋತಿಯನ್ನು ದೇವರ ಮುಂದೆ ಕೂಡಿಸಿದಳು.

"ಕತಿ ಮುಗಸು."

"ಮೇಡಂ ಯಾರಿಗೂ ಹೇಳಬ್ಯಾಡ ಅಂದಾರ ಅಜ್ಜಿ."

"ನಿಮ್ಮ ಮೇಡಂಗ ತಮ್ಮ ಇದ್ದಾನೋ ಇಲ್ಲೋ ನನಗ ಗೊತ್ತಿಲ್ಲ. ನನಗ ಇರಾಂವ ಒಬ್ಬನ ಮಗ. ಹೇಳು."

ಜ್ಯೋತಿ ಅಳುತ್ತಾ ಹೇಳಿದಳು. ಕುದುರೆ ಹೇಳಿತಂತೆ, ನೀನು ಎಲ್ಲಾ ಕಂಬಳಿ ಮಾರಿದೆ, ಅಕ್ಕನಿಗೆಂದು ತೆಗೆದಿಟ್ಟದ್ದನ್ನೂ ಮಾರಿದೆ, ಅದಕ್ಕೇ ಅಕ್ಕನ ಮನೆಯ ದಾರಿ ನನಗೆ ಕಾಣುತ್ತಿಲ್ಲ. ಅವನು ಹಿಂದಕ್ಕೆ ಹೋಗಿ, ಕೊಂಡವನ ಕೈಕಾಲು ಹಿಡಿದು, ಕಂಬಳಿ ಬಿಡಿಸಿಕೊಂಡು ಬಂದ. ಆಗ ಕುದುರೆ ತಾನಾಗಿಯೇ ನಡೆದು ಅಕ್ಕನ ಮನೆಯ ಮುಂದೆ ನಿಂತಿತು. ಕೆಂಪು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಅವನು ಬಾಗಿಲ ಮುಂದೆ ನಿಂತು, "ಅಕ್ಕಾ, ಬಾಗ್ಲ ತಗಿ," ಅಂದ. ಜ್ಯೋತಿ ಅಷ್ಟು ಹೇಳಿ ಮೂಗು ಒರೆಸಿಕೊಂಡಳು.

"ಅಕ್ಕಾ, ಬಾಗ್ಲ ತಗಿ," ಎಂದಿತು ಹೊರಗಿನಿಂದ ನನ್ನ ತಮ್ಮನ ದನಿ.

ಬಾಗಿಲು ತೆಗೆದೆ. ಶಿವು ನಿಂತಿದ್ದ. ಮುಖದಲ್ಲಿ ದಣಿವಿಲ್ಲ, ಗಾಬರಿಯಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಅಂಗಿಯ ಕಾಲರು ಸರಿಮಾಡಿಕೊಂಡು, ಮೆಲ್ಲಗೆ, "ಅವರು ಬಂದಾರೇನ?" ಎಂದ. ತಾನು ಹೊತ್ತಿಗೆ ಸರಿಯಾಗಿ ಬಂದಿದ್ದೇನೆ ಎಂದೇ ಅವನು ತಿಳಿದಿದ್ದ. ನನ್ನ ಆಯುಷ್ಯದಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ.

ಕೂಡಿಸಿ ನೀರು ಕೊಟ್ಟು, ನಡೆದದ್ದನ್ನು ಹೇಳಿದ ಮೇಲೆ ಅವನು ಎದ್ದು ಗೋಡೆಯ ಗಡಿಯಾರ ನೋಡಿದ. ಆಮೇಲೆ ಹೇಳಿದ್ದು ಇಷ್ಟು. ಬಸ್ಸಿನಿಂದ ಇಳಿದಾಗ ಓಣಿಯ ಎಲ್ಲ ಮನೆಗಳಲ್ಲೂ ರೇಡಿಯೋ ಹಚ್ಚಿದ್ದರು. "ಜ್ಯೋತಿ ದನಿ ಕೇಳಸ್ತಿತ್ತಕ್ಕಾ. ಅದರ ಬೆನ್ನ ಹತ್ತಿ ಬಂದ್ರ ಮನಿಗೇ ಬರ್ತೀನಿ ಅಂತ ನಡದೆ. ಕತಿ ಮುಗೀತು, ನೋಡ್ತೀನಿ, ನಿನ್ನ ಬಾಗ್ಲ ಮುಂದ ಇದ್ದೆ." ಅವ್ವನ ಕಡೆ ತಿರುಗಿದ. "ಒಂದು ತಿಳೀಲಿಲ್ಲ ಅವ್ವಾ. ನೀ ಹೇಳೂ ಮುಂದ ಅದು ಕರೀ ಕಂಬಳಿ ಇರ್ತಿತ್ತಲಾ. ಜ್ಯೋತಿ ಕೆಂಪ ಕಂಬಳಿ ಅಂದ್ಲು."

ಜ್ಯೋತಿ ನನ್ನ ಸೆರಗು ಹಿಡಿದುಕೊಂಡಳು. ಅಳುವ ಭರದಲ್ಲಿ ಬಾಯಿಗೆ ಬಂದದ್ದು ಅಂದೆ ಎಂದು ಆಮೇಲೆ ಹೇಳಿದಳು. ಆ ಮಾತು ನಮ್ಮ ಮುಚ್ಚಿದ ಬಾಗಿಲಿನ ಹಿಂದೆ, ಅವನು ಬರುವ ಸ್ವಲ್ಪ ಮುಂಚೆ, ಅವಳ ಬಾಯಿಂದ ಬಂದಿತ್ತು.

ನಮ್ಮ ಮನೆಯವರು ಲೆಕ್ಕದ ಮನುಷ್ಯ. ಮಾರನೆಯ ದಿನ ರೇಡಿಯೋ ಕೇಂದ್ರಕ್ಕೆ ಹೋಗಿ ಕೇಳಿ ಬಂದರು. ಯಂತ್ರ ಎಂದಿನಂತೆ ಆರಕ್ಕೆ ಬಂದ್ ಆಗಿತ್ತು. ಕಥೆಯ ಎರಡನೆಯ ಅರ್ಧವನ್ನು ಅವರು ಇನ್ನೂ ಮುದ್ರಿಸಿಯೇ ಇರಲಿಲ್ಲ. ಬಿಸಿಲಿಗೆ ಶಿವುವಿಗೆ ತಲೆ ತಿರುಗಿರಬೇಕು, ಬಾಗಿಲಾಚೆ ನಿಂತು ಕಡೆಯ ಮಾತು ಕೇಳಿರಬೇಕು ಎಂದು ಅವರೊಂದು ಅರ್ಥ ಕಟ್ಟಿದರು. ಅವನು ಕುದುರೆ ಆಡಿದ ಮಾತನ್ನೂ ಕೇಳಿದ್ದ, ಕಂಬಳಿ ಬಿಡಿಸಿಕೊಂಡದ್ದನ್ನೂ ಕೇಳಿದ್ದ. ಅಷ್ಟು ಹೊತ್ತು ಬಾಗಿಲ ಹೊರಗೆ ಯಾಕೆ ನಿಲ್ಲುತ್ತಾನೆ ಎಂದು ನಾನು ಕೇಳಿದೆ. ಡಾಕ್ಟರಿಗೆ ತೋರಿಸಿದೆವು. ಏನೂ ಇರಲಿಲ್ಲ. ಹಳಿಯ ಮೇಲೆ ನಡೆಯುವವನು, ಅಂಥ ಹೊತ್ತಿನಲ್ಲಿ ಹಳಿಯ ಮೇಲೆ ಇರಲಿಲ್ಲವಲ್ಲ, ಕೈಕಾಲು ಸರಿಯಾಗಿ ಮನೆಗೆ ಬಂದನಲ್ಲ ಎಂದು ಮಲ್ಲಯ್ಯನಿಗೆ ಕೈ ಮುಗಿದೆ. ಇವತ್ತಿಗೂ ಮುಗಿಯುತ್ತೇನೆ.

ಆದರೆ ಹೋದದ್ದು ಹೋಯಿತು. ಸಂಬಂಧ ತಿರುಗಿ ಕೇಳಿಸಲು ಎರಡು ಸಲ ಜನ ಕಳಿಸಿದೆವು. ಕಸ್ತೂರಿಯನ್ನು ಮಾವನ ತಮ್ಮನಿಗೇ ಕೊಟ್ಟರು. ಶಿವು ಆಮೇಲೆ ಬಂದ ಹೆಣ್ಣುಗಳನ್ನು ನೋಡಲಿಲ್ಲ. ಯಾಕೆಂದು ಕೇಳಿದರೆ, "ಬಿಡಕ್ಕಾ, ಮತ್ತ ದಾರಿ ತಪ್ಪಿದ್ರ?" ಎಂದು ನಗುತ್ತಿದ್ದ. ಜ್ಯೋತಿಯನ್ನು ಅವ್ವ ಮತ್ತೆ ರೇಡಿಯೋಕ್ಕೆ ಕಳಿಸಲಿಲ್ಲ. ಮಕ್ಕಳು ಕೇಂದ್ರದ ಬಾಗಿಲಿಗೇ ಬಂದು, ಕುದುರೆ ಏನು ಹೇಳಿತು ಎಂದು ಕೇಳುತ್ತಿದ್ದಾರೆ ಎಂದು ವೈಶಾಲಿ ಮೇಡಂ ಹೇಳಿ ಕಳಿಸಿದರು. ಕಟ್ಟಡ ಮುಗಿದಂತೆ ಆ ಕೂಲಿಯವರ ಮಕ್ಕಳು ಬೇರೆ ಬೇರೆ ಕಡೆ ಹೋದರು. ಕಥೆಯ ಅರ್ಧವನ್ನು ತೆಗೆದುಕೊಂಡೇ ಹೋದರು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಹಿಂಸೆಯಾಗುತ್ತದೆ.

ಕೆಲವು ವರ್ಷಗಳಾದ ಮೇಲೆ, ಅವ್ವ ಇಲ್ಲವಾದ ಮೇಲೆ, ದೇಹೂ ರೋಡಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿ ನಡೆದಿತ್ತು. ಒಬ್ಬಳು ಬಂದು ನನ್ನ ಪಕ್ಕ ಕೂತಳು. ಮಡಿಲಲ್ಲಿ ಒಂದು ಕೂಸು, ಪಕ್ಕದಲ್ಲೊಂದು. ಕಸ್ತೂರಿ. ಸ್ವಲ್ಪ ಬಡಕಲಾಗಿದ್ದಳು, ಮುಖ ಅದೇ. ಜ್ಯೋತಿ ಹೇಗಿದ್ದಾಳೆ ಎಂದು ಕೇಳಿದಳು. ಶಿವುವಿನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಲೆಯ ಮೇಲಿನ ಅನ್ನ ಕಲೆಸುತ್ತಾ, ತಲೆ ಎತ್ತದೆ ಹೇಳಿದಳು.

"ಅವತ್ತು ನಾ ಅವರನ್ನ ನೋಡಿದೆರಿ ಅಕ್ಕಾರ. ರಿಕ್ಷಾದ ಮುಂದ ಹಾದು ಹ್ವಾದ್ರು. ಕೈಯಾಗ ಡಬ್ಬಿ ಇತ್ತು. ಕುಡದಿದ್ದಿಲ್ಲ. ಸಣ್ಣ ಹುಡುಗರು ಜಾತ್ರ್ಯಾಗ ತಪ್ಪಿಸ್ಕೊಂಡ್ರ ಹ್ಯಾಂಗ ನೋಡ್ತಾರ, ಹಂಗ ನೋಡ್ತಿದ್ರು. ಬಾಜೂಕ ಮಾವ ಕೂತಿದ್ದ. ನಾ ದನಿ ಮಾಡ್ಲಿಲ್ಲ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅವಳು ಕೂಸಿನ ಬಾಯಿ ಒರೆಸಿ, ಸ್ವಲ್ಪ ನಕ್ಕಳು.

"ಹೋಗ್ಲಿ ಬಿಡ್ರಿ. ಆ ಕುದುರಿ ಯಾಕ ನಿಂತಿತ್ತು, ಅದನ್ನರ ಹೇಳ್ರಿ. ಇಷ್ಟ ವರ್ಷ ಆತು, ಒಲಿ ಮುಂದ ಕೂತಾಗ ನೆನಪಾಗ್ತದ."

ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಮಧ್ಯಾಹ್ನದ ಬಿಸಿಲು ಇತ್ತು. ಶಿವು ಆ ಹೊತ್ತಿಗೆ ದೌಂಡದಿಂದ ಹೊರಟು ನಮ್ಮ ಮನೆಯ ದಾರಿಯಲ್ಲಿದ್ದ.

"ದೀಪ ಹಚ್ಚಿದ ಮ್ಯಾಲ ಹೇಳ್ತೀನಿ ತಂಗಿ," ಎಂದೆ.

ಅವಳು ನನ್ನ ಮುಖ ನೋಡಿದಳು, ತಿಳಿಯಿತು ಎಂಬಂತೆ ತಲೆಯಾಡಿಸಿದಳು. ಇಂಥದನ್ನೆಲ್ಲ ನೀನು ನಂಬುತ್ತೀಯಾ ಎಂದು ಅಂದೇ ಯಾರಾದರೂ ಕೇಳಿದ್ದರೆ ಇಲ್ಲವೆನ್ನುತ್ತಿದ್ದೆ. ಈಗ ಕೇಳಿದರೂ ಏನೆನ್ನಬೇಕೋ ತಿಳಿಯದು. ದೀಪ ಹಚ್ಚುವ ಹೊತ್ತಿನವರೆಗೆ ನಾನು ಆ ಮಂಟಪದಲ್ಲಿ ಕೂತೇ ಇದ್ದೆ. ಅಷ್ಟರೊಳಗೆ ಅವಳ ಮನೆಯವರು ಗಾಡಿ ತಂದು ಅವಳನ್ನೂ ಮಕ್ಕಳನ್ನೂ ಹತ್ತಿಸಿಕೊಂಡು ಹೋಗಿದ್ದರು.